ನಕಾಶಿ ಮ್ಯಾಲಿನ ಹೊಲಿಗಿ

ಬಾದಾಮಿ, ೧೯೮೩

ಅವ್ವಾ,

ನೀ ತೀರಿಕೊಂಡ ಮ್ಯಾಲೆ ಅಜ್ಜನ ಕಾಲದ ಅರಿವಿ ನಕಾಶಿ ಸಾಹುಕಾರರಿಗೆ ಕೊಟ್ಟೆ. ಅದರಿಂದಾನ ಅವರ ಖಾಸಗಿ ಮ್ಯೂಸಿಯಮ್ಮಿನಾಗ ನನಗ ಕೆಲಸ ಸಿಕ್ಕಿತು.

ಇವತ್ತು ಅವರು ಬಂದ ಮಂದಿಗೆ ಅದನ್ನ ತೋರಿಸಿದರು. ಮಲಪ್ರಭಾ ಹೊಳಿ ಬರೆದಲ್ಲಿ ಅರಿವಿ ಹರಿದಿತ್ತಲ್ಲ, ನೀ ಇಳಕಲ್ಲಿನ ರೇಶಿಮಿ ಎಳಿಲೆ ಹೊಲಿದಿದ್ದಿ. ಅಲ್ಲೇ ಬೊಟ್ಟು ಮಾಡಿ ತೋರಿಸಿ, “ಯಾವಳೋ ದಡ್ಡಿ ಹೊಲಿದು ಕೆಡಿಸ್ಯಾಳ್ರಿ” ಅಂದರು. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಕಪಾಟಿನ ಗಾಜಿನ್ಯಾಗ ನನ್ನ ಹಲ್ಲು ಕಂಡು ನನಗ ಹೇಸಿಕಿ ಬಂತು.

ಮಂದಿ ಹೋದ ಮ್ಯಾಲೆ ಸಾಹುಕಾರರು, “ಹೊಳಬಸಪ್ಪ, ಆ ಹೊಲಿಗಿ ಬಿಚ್ಚಿಬಿಡು” ಅಂದರು.

“ಆತ್ರಿ” ಅಂದೆ. ಯಾರು ಹೊಲಿದಿದ್ದು ಅಂತ ಆಗಲೂ ಹೇಳಲಿಲ್ಲ.

ಸಂಜಿತನಕ ಕುಂತು ಬಿಚ್ಚಿದೆ. ಒಂದು ಹೊಲಿಗಿನೂ ತಾನಾಗಿ ಸಡ್ಲಾಗಿರಲಿಲ್ಲ, ಅವ್ವಾ.