ಒಂದೇ ದಿನ ಮೂರು ಬೆಟ್ಟ

ಕಬ್ಬಾಳು, ಭಾನುವಾರ ಸಂಜೆ

ರಮ್ಯಳ ಅವ್ವನಿಗೆ,

ಮಗಳು ತೀರಿಕೊಂಡು ವರ್ಷವಾಯಿತೆಂದು ಅವಳ ಹಾರೋಹಳ್ಳಿ ಫ್ಯಾಕ್ಟರಿಯ ಗೆಳತಿಯರು ನನ್ನನ್ನು ಕರೆತಂದರಲ್ಲ, ಒಂದೇ ದಿನ ಮೂರು ಬೆಟ್ಟ ಹತ್ತಿಸಿದರು. ಬೆಳಗಾಗುತ್ತಲೇ ಸಾವನದುರ್ಗ, ಬಿಸಿಲೇರುವಾಗ ರಾಮದೇವರ ಬೆಟ್ಟ, ಮಧ್ಯಾಹ್ನದ ಮೇಲೆ ಕಬ್ಬಾಳದುರ್ಗ. ಹೀಗೆ ಹತ್ತಬೇಕೆಂಬುದು ರಮ್ಯಳ ಆಸೆಯಂತೆ. ಕಬ್ಬಾಳದುರ್ಗದ ಅರ್ಧದಲ್ಲಿ ಶಬ್ನಮ್ ಎಂಬ ಹುಡುಗಿ ನಿಂತುಬಿಟ್ಟಳು. "ಹೋದ್ ವರ್ಸ ಇಲ್ಲೀಗಂಟ ಬಂದಿದ್ಲು ಅಂಕಲ್. ಯಾರ್ದೋ ಫೋನ್ ಬಂತು, ಸುಮ್ನೆ ಇಳ್ದು ಹೊಂಟೋದ್ಲು" ಅಂದಳು. ಕುರಿ ಕಾಯೋರಿಲ್ಲ, ಈಗಲೇ ಬಾ ಎಂದು ಆವತ್ತು ಗದರಿದವನು ನಾನೇ. ಅದಾದ ತಿಂಗಳಿಗೇ ಅವಳಿಗೆ ಜ್ವರ ಬಂತು. ಆ ಹುಡುಗಿಗೆ ಇದನ್ನು ಹೇಳಲಾಗಲಿಲ್ಲ. ಉಳಿದದ್ದನ್ನು ಕೈಯೂರಿ ಹತ್ತಿದೆ. ತುದಿಯಲ್ಲಿ ವಿಪರೀತ ಗಾಳಿ, ಹದ್ದುಗಳು ನಮಗಿಂತ ಕೆಳಗೆ ಹಾರುತ್ತಿದ್ದವು. ಮಗಳು ಇದನ್ನು ನೋಡಲಿಲ್ಲವಲ್ಲ ಎಂದು ಅಳು ತಡೆಯಲಾಗಲಿಲ್ಲ.

ಮಂಡಿ ಊದಿದೆ, ಮುಲಾಮು ಹಚ್ಚಿದ್ದಾರೆ. ನಾಳೆ ಬರುತ್ತೇನೆ. ಈ ಕಾರ್ಡು ಅಂಚೆಯಲ್ಲಿ ನನ್ನ ಹಿಂದೆ ಬರುತ್ತದೆ. ಎದುರಿಗೆ ಹೇಳುವ ಧೈರ್ಯವಿಲ್ಲದೆ ಬರೆದೆ. ಓದಿದ ಮೇಲೆ ಬೈಯಬೇಕೆನಿಸಿದರೆ ಬೈದುಬಿಡು, ಸುಮ್ಮನೆ ಮಾತ್ರ ಇರಬೇಡ.

ಮಾಯಣ್ಣ