ಆಸ್ಟ್ರಿಯಾ ಗೆದ್ದ ದಿನ

ಫಾಸ್ಟರ್ ಸಿಟಿ, ಕ್ಯಾಲಿಫೋರ್ನಿಯಾ
೨೭ ಮೇ ೨೦೨೪, ಸೋಮವಾರ

ಪ್ರೀತಿಯ ಫುಪ್ಪು,

ಅಸ್ಸಲಾಮು ಅಲೈಕುಮ್. ನಿಮ್ಮ ಮೊಣಕಾಲು ಈಗ ಹೇಗಿದೆ? ಡಾಕ್ಟರು ಕೊಟ್ಟ ಎಣ್ಣೆಯನ್ನು ನಿಜವಾಗಿಯೂ ಹಚ್ಚಿಕೊಳ್ಳುತ್ತಿದ್ದೀರೋ, ಅಥವಾ ಶೀಶೆಯನ್ನು ಕಪಾಟಿನಲ್ಲಿಟ್ಟು ನಮಗೆಲ್ಲ ‘ಹಚ್ಚಾಕತ್ತೀನಿ’ ಎನ್ನುತ್ತಿದ್ದೀರೋ, ಅಲ್ಲಾಹನೇ ಬಲ್ಲ. ಗದಗಿನಲ್ಲಿ ಬಿಸಿಲು ವಿಪರೀತವೆಂದು ತಂಗಿ ಯುಸ್ರಾ ಹೇಳಿದಳು. ನಲ್ಲಿ ನೀರು ವಾರಕ್ಕೊಮ್ಮೆಯಾದರೂ ಬರುತ್ತಿದೆಯೇ? ದಯವಿಟ್ಟು ಕೊಡ ಹೊತ್ತು ಮಹಡಿ ಹತ್ತಬೇಡಿ. ಕೆಳಗಿನ ಮನೆಯವರಿಗೆ ಒಂದು ಮಾತು ಹೇಳಿದರೆ ಅವರೇ ತಂದಿಡುತ್ತಾರೆ. ನೀವು ಹೇಳುವುದಿಲ್ಲ, ಅದೇ ತೊಂದರೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಇವತ್ತು ಇಲ್ಲಿ ಎಲ್ಲರಿಗೂ ರಜೆ. ಬಿರಿಯಾನಿ ಮಾಡುತ್ತೇನೆಂದು ಹುಜೈಫಾ ಬೆಳಿಗ್ಗೆಯಿಂದ ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡಿದ್ದಾರೆ. ನನಗೆ ಒಳಗೆ ಪ್ರವೇಶವಿಲ್ಲ. ಈರುಳ್ಳಿ ಸೀದ ವಾಸನೆ ಎರಡು ಸಲ ಬಂದಿದೆ, ನಾನು ಎರಡು ಸಲವೂ ಸುಮ್ಮನಿದ್ದೇನೆ. ಇಂಥ ಗಂಡ ಸಿಕ್ಕಿದ್ದಕ್ಕೆ ಅಲ್ಲಾಹನಿಗೆ ಶುಕ್ರ್ ಹೇಳಿಕೊಂಡು ನಿಮಗೆ ಬರೆಯಲು ಕುಳಿತಿದ್ದೇನೆ.

ಶುಕ್ರವಾರ ಫೋನಿನಲ್ಲಿ ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಅಫ್ರೋಜ್ ಮಾಸ್ತರರು ನಿಮ್ಮನ್ನು ನಿಖಾಕ್ಕೆ ಕೇಳಿ ಎರಡು ತಿಂಗಳಾಯಿತು. ಒಂದೇ ಶಾಲೆಯಲ್ಲಿ ಅವರು ಚಿತ್ರಕಲೆಯನ್ನೂ ನೀವು ಕನ್ನಡವನ್ನೂ ಕಲಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರು. ನಿಮಗೂ ಮನಸ್ಸಿದೆ ಎಂದು ನೀವೇ ಒಪ್ಪಿಕೊಂಡಿರಿ. ಆದರೂ ಬಕ್ರೀದಿಗೆ ಮೊದಲು ಅವರಿಗೆ ಆಗುವುದಿಲ್ಲವೆಂದು ಹೇಳಿಬಿಡುತ್ತೇನೆ ಎಂದಿರಿ. ಯಾಕೆಂದು ಕೇಳಿದರೆ ನಕ್ಕು, “ಯುಸ್ರಾನ್ನ ನೋಡಾಕ ಬಂದ ಮಂದಿ ಮನ್ಯಾಗಿನ ಅರವತ್ತರ ಮದುಮಗಳ್ನ ನೋಡಿ ಹಂಗ ತಿರುಗಿ ಹೋದಾರು,” ಎಂದಿರಿ. ಅಬ್ಬಾ ನಿಮ್ಮ ಜೊತೆ ಮಾತು ಬಿಟ್ಟಿರುವುದನ್ನು ಮಾತ್ರ ನೀವು ಹೇಳಲಿಲ್ಲ. ಅದನ್ನು ಹೇಳಿದವಳು ಯುಸ್ರಾ. ಸ್ವಂತ ತಂಗಿಯ ಮುಂದೆ ಕುಳಿತು, “ಇಷ್ಟ್ ವರ್ಷ ಇಲ್ಲದ್ದು ಈಗ್ಯಾಕ? ಮಂದಿಗೆ ನಾ ಏನ್ ಹೇಳ್ಲಿ?” ಎಂದು ಕೇಳಿ ಎದ್ದು ಬಂದವರು ಆಮೇಲೆ ಗದಗಿನ ಕಡೆ ಮುಖ ಹಾಕಿಲ್ಲವಂತೆ. ನೀವು ಹೇಳಿದ್ದಕ್ಕೆಲ್ಲ ನಾನು ‘ಹೂಂ’ ಎಂದೆ. ಅದು ಒಪ್ಪಿಗೆಯ ಹೂಂ ಅಲ್ಲ, ಫುಪ್ಪು. ನನಗೆ ಮಾತು ಬಾಯಿಗೆ ಬರುವುದಕ್ಕಿಂತ ಮೊದಲು ಕೈಗೆ ಬರುತ್ತದೆಂದು ಸ್ಲೇಟು ಹಿಡಿಸಿದ ನಿಮಗಿಂತ ಚೆನ್ನಾಗಿ ಯಾರು ಬಲ್ಲರು? ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಪುಟಗಳ ಫೋಟೋ ತೆಗೆದು ನಿಮ್ಮ ಮೊಬೈಲಿಗೂ ಕಳಿಸುತ್ತೇನೆ. ಅಂಚೆಯನ್ನೇ ನಂಬಿದರೆ ಬಕ್ರೀದು ಕಳೆದು ಹೋಗುತ್ತದೆ.

ಆದರೆ ನಾನು ಹೇಳಬೇಕೆಂದಿರುವುದು ನನಗೇ ಸರಿಯಾಗಿ ಗೊತ್ತಾಗಿದ್ದು ನಿನ್ನೆ, ಅದೂ ಒಂದು ಹಾಕಿ ಆಟ ನೋಡಿದ ಮೇಲೆ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಲಗೂನು ಇದೆ, ಊರಿನ ಮನೆಗಳ ನಡುವೆಯೇ ಹರಡಿಕೊಂಡಿರುವ ನೀರು. ಅದರ ದಂಡೆಯ ಹುಲ್ಲಿನ ಮೇಲೆ ದೊಡ್ಡ ದೊಡ್ಡ ಬಾತುಗಳು ಯಜಮಾನರ ಹಾಗೆ ಓಡಾಡಿ ಎಲ್ಲ ಕಡೆ ಗಲೀಜು ಮಾಡುತ್ತವೆ. ಅವುಗಳನ್ನು ಪೊರಕೆ ಹಿಡಿದು ತನ್ನ ಭಾಷೆಯಲ್ಲಿ ಬೈಯುತ್ತ ಓಡಿಸುವ ಒಬ್ಬ ಮುದುಕಿ ಕೆಳಗಿನ ಮನೆಯಲ್ಲಿದ್ದಾರೆ. ಹೆಸರು ಯಾರ್ಮಿಲಾ. ಹುಟ್ಟಿದ್ದು ಪ್ರೇಗ್ ನಗರದಲ್ಲಿ, ಹರೆಯದಲ್ಲಿ ದೇಶ ಬಿಟ್ಟು ಬಂದವರು, ಈಗ ಎಂಬತ್ತು ದಾಟಿ ತೊಂಬತ್ತರ ಹತ್ತಿರ. ಎಷ್ಟೋ ತಿಂಗಳು ನಾನು ಅವರನ್ನು ಕಂಡಾಗ ನಕ್ಕು ತಲೆ ತಗ್ಗಿಸಿ ಹೋಗುತ್ತಿದ್ದೆ. ಒಂದು ದಿನ ಬೆಂಚಿನ ಮೇಲೆ ಓದುತ್ತ ಕುಳಿತಿದ್ದಾಗ ಅವರೇ ಪಕ್ಕಕ್ಕೆ ಬಂದು ಕುಳಿತು, ಪುಸ್ತಕದೊಳಗೆ ಇಣುಕಿ, “ಇದು ಬರವಣಿಗೆಯೋ ಕಸೂತಿಯೋ?” ಎಂದು ಕೇಳಿದರು. ಬರವಣಿಗೆ ಎಂದೆ. “ಹಾಗಾದರೆ ಓದು, ಕೇಳೋಣ,” ಎಂದರು. ನಾನು ಕನ್ನಡ ಓದಿದೆ, ಅವರು ಕಣ್ಣು ಮುಚ್ಚಿ ಕೇಳಿದರು. ಒಂದು ಅಕ್ಷರವೂ ಅರ್ಥವಾಗದೆ ಅಷ್ಟು ಗಮನವಿಟ್ಟು ಕೇಳಿದವರನ್ನು ನಾನು ಕಂಡಿಲ್ಲ. ಈ ಊರಿನಲ್ಲಿ ನನ್ನ ದನಿಯನ್ನು ಕೇಳಿಸಿಕೊಂಡ ಮೊದಲ ಹೊರಗಿನವರು ಅವರೇ. ಅಂದಿನಿಂದ ಅವರು ನನಗೆ ಯಾರ್ಮಿಲಾ ಅಜ್ಜಿ.

ಮೊನ್ನೆ ಅಜ್ಜಿ ನಮ್ಮ ಬಾಗಿಲು ತಟ್ಟಿದರು. ಅವರ ಪ್ರೇಗಿನಲ್ಲೇ ಐಸ್ ಹಾಕಿಯ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ, ಅವರ ದೇಶ ಫೈನಲ್ಲಿಗೆ ಬಂದಿದೆ, ಟಿ.ವಿ.ಯಲ್ಲಿ ಹೇಗೆ ಹಾಕಿಕೊಳ್ಳಬೇಕೋ ತಿಳಿಯುತ್ತಿಲ್ಲ ಎಂದರು. ಹುಜೈಫಾ ಹೋಗಿ ಎಲ್ಲ ಜೋಡಿಸಿಕೊಟ್ಟರು. ಅಲ್ಲಿಯ ರಾತ್ರಿಯ ಆಟ ಇಲ್ಲಿ ಭಾನುವಾರ ಬೆಳಿಗ್ಗೆ. ಅಜ್ಜಿ ತೀರಿಹೋದ ಗಂಡನ ಕೆಂಪು ಸ್ವೆಟರು ತೊಟ್ಟು ಕುಳಿತಿದ್ದರು, ನಾವಿಬ್ಬರೂ ಅಕ್ಕಪಕ್ಕ. ನಮ್ಮ ಹಾಕಿಯಂತೆಯೇ ಕೋಲು ಇದೆ, ಆದರೆ ಚೆಂಡಿಲ್ಲ. ಬಿಲ್ಲೆಯಂಥ ಒಂದು ಕಪ್ಪು ರಬ್ಬರು ಮಂಜುಗಡ್ಡೆಯ ಮೇಲೆ ಸಿಡಿಲಿನಂತೆ ಜಾರುತ್ತದೆ. “ಬಾಲೇ ಕಾಣಿಸ್ತಿಲ್ವಲ್ಲ, ಎಲ್ಲಿ ನೋಡ್ಬೇಕು ನಾನು?” ಎಂದು ಹುಜೈಫಾ ನನ್ನ ಕಿವಿಯಲ್ಲಿ ಗೊಣಗಿದರು. ಅದನ್ನು ನಾನು ಅಜ್ಜಿಗೆ ದಾಟಿಸಿದೆ. “ಆಡುವವರ ಕಣ್ಣು ನೋಡು ಮಗು, ಅದು ಎಲ್ಲಿದೆಯೆಂದು ಅವರಿಗೆ ಗೊತ್ತು,” ಎಂದರು. ಎದುರಾಳಿ ಸ್ವಿಟ್ಜರ್ಲೆಂಡ್. ಬಹಳ ಹೊತ್ತು ಯಾರಿಗೂ ಗೋಲು ಇಲ್ಲ. ಕೊನೆಯ ಭಾಗದಲ್ಲಿ ಒಂದು, ಇನ್ನೇನು ಮುಗಿಯಿತು ಎನ್ನುವಾಗ ಇನ್ನೊಂದು. ಅಜ್ಜಿಯ ದೇಶ ಗೆದ್ದಿತು. ಹುಜೈಫಾ ಎದ್ದು ಕುಣಿದರು. ಅಜ್ಜಿ ಕುಣಿಯಲಿಲ್ಲ. ಟಿ.ವಿ.ಯ ದನಿ ಸಣ್ಣ ಮಾಡಿ, “ಇವತ್ತು ನಮ್ಮ ಹುಡುಗರು ಗೆದ್ದರು, ಸಂತೋಷ. ಆದರೆ ನಾನು ಸಾಯುವವರೆಗೆ ಮರೆಯದಿರುವುದು ಆಸ್ಟ್ರಿಯಾದವರು ಗೆದ್ದದ್ದನ್ನು,” ಎಂದರು.

ಅವರಿಗೆ ಆಗ ಒಂಬತ್ತು ವರ್ಷ. ಇಸವಿ ೧೯೪೭. ಯುದ್ಧ ಮುಗಿದು ಎರಡು ವರ್ಷವೂ ತುಂಬಿರಲಿಲ್ಲ. ಯುದ್ಧದ ನಂತರದ ಮೊದಲ ಚಾಂಪಿಯನ್‌ಶಿಪ್ಪು, ಅದೂ ಪ್ರೇಗಿನಲ್ಲಿ. ಆಗ ಫೈನಲ್ ಎಂಬುದೇ ಇರಲಿಲ್ಲವಂತೆ. ಎಲ್ಲ ದೇಶಗಳೂ ಒಂದಕ್ಕೊಂದು ಆಡಿ, ಹೆಚ್ಚು ಅಂಕ ಬಂದವರಿಗೆ ಪಟ್ಟ. ಅಜ್ಜಿಯ ದೇಶ ಉಳಿದವರನ್ನೆಲ್ಲ ಸೋಲಿಸುತ್ತ ಬಂದು ಸ್ವೀಡನ್ನಿಗೆ ಎರಡು-ಒಂದರಲ್ಲಿ ಸೋತಿತು. ಊರಿಗೆ ಊರೇ ಸಾವಿನ ಮನೆಯಾಯಿತು. ಇನ್ನು ಸ್ವೀಡನ್ ಆಸ್ಟ್ರಿಯಾವನ್ನು ಸೋಲಿಸಿದರೆ ಪಟ್ಟ ಅವರದೇ. ಆಸ್ಟ್ರಿಯಾ ಗೆಲ್ಲಲಿ ಎಂದು ಪ್ರೇಗಿನವರು ಬೇಡಿಕೊಳ್ಳಬೇಕಾಯಿತು. ಅದು ಸಣ್ಣ ಮಾತಲ್ಲ, ಫುಪ್ಪು. ಜರ್ಮನ್ ಸೈನ್ಯ ಆ ಊರನ್ನು ವರ್ಷಗಟ್ಟಲೆ ತುಳಿದಿತ್ತು, ಆ ಸೈನ್ಯದಲ್ಲಿ ಆಸ್ಟ್ರಿಯಾದವರೂ ಇದ್ದರು, ಅವರಾಡುವುದೂ ಅದೇ ಜರ್ಮನ್ ಭಾಷೆ. ಅಜ್ಜಿಯ ಸೋದರಮಾವ ಸೆರೆಶಿಬಿರದಿಂದ ಹಿಂದಿರುಗಲೇ ಇಲ್ಲ. ಟ್ರಾಮಿನಲ್ಲಿ ಯಾರಾದರೂ ಒಂದು ಜರ್ಮನ್ ಶಬ್ದ ಆಡಿದರೆ ಅಜ್ಜಿಯ ಅಮ್ಮ ಇಳಿದು ನಡೆದೇ ಹೋಗುತ್ತಿದ್ದರಂತೆ. ಅದೇ ಅಮ್ಮ ಆ ದಿನ ರೇಡಿಯೋದ ಮುಂದೆ ನಿಂತು ಆಸ್ಟ್ರಿಯಾದ ಹುಡುಗರ ಹೆಸರು ಹಿಡಿದು ಕೂಗಿದರು. ಯಾರಿಗೂ ನಂಬಲಾಗದ ಹಾಗೆ ಆಸ್ಟ್ರಿಯಾ ಎರಡು-ಒಂದರಲ್ಲಿ ಗೆದ್ದಿತು. ಅಜ್ಜಿಯ ದೇಶ ತನ್ನ ಉಳಿದ ಆಟವನ್ನೂ ಗೆದ್ದು ಚಾಂಪಿಯನ್ ಆಯಿತು.

ಮಾರನೆಯ ಬೆಳಿಗ್ಗೆ ಅಮ್ಮ ರೇಷನ್ನಿನ ಹಿಟ್ಟನ್ನೆಲ್ಲ ಸುರಿದು ಒಂದು ಕೇಕು ಮಾಡಿ, ಬಟ್ಟೆಯಲ್ಲಿ ಸುತ್ತಿ, ಮಗಳ ಕೈ ಹಿಡಿದುಕೊಂಡು ಆಸ್ಟ್ರಿಯಾದವರು ಇಳಿದಿದ್ದ ಹೋಟೆಲಿಗೆ ಹೋದರು. ಬಾಗಿಲಲ್ಲಿ ಆಗಲೇ ಇನ್ನೂ ಎಷ್ಟೋ ಜನ, ಎಲ್ಲರ ಕೈಯಲ್ಲೂ ಏನಾದರೊಂದು. ಹೊರಲು ಹುಡುಗರ ತೋಳುಗಳು ಸಾಲದಾದವಂತೆ. ನನಗೆ ನಮ್ಮ ಓಣಿಯ ಕಾಶವ್ವ ನನ್ನ ಮದುವೆಯಲ್ಲಿ ಜಾತಿಗೀತಿ ನೋಡದೆ ಉಡಿ ತುಂಬಿ ಕಳಿಸಿದ್ದು ನೆನಪಾಯಿತು. ಕೇಕು ಇಸಿದುಕೊಂಡ ಹುಡುಗನಿಗೆ ಅಮ್ಮ ಜರ್ಮನ್ ಭಾಷೆಯಲ್ಲೇ ಕೃತಜ್ಞತೆ ಹೇಳಿದರು. ಯುದ್ಧದ ನಂತರ ಅವರ ಬಾಯಿಂದ ಬಂದ ಮೊದಲ ಜರ್ಮನ್ ಶಬ್ದ ಅದು. ಹುಡುಗನಿಗೆ ನಾಚಿಕೆಯಾಗಿ, “ನಾವು ನಿಮಗೋಸ್ಕರ ಆಡಲಿಲ್ಲ, ಅಮ್ಮಾ,” ಎಂದನಂತೆ. “ಗೊತ್ತು. ಅದಕ್ಕೇ ತಂದಿದ್ದು,” ಎಂದರಂತೆ ಅಮ್ಮ.

ಫುಪ್ಪು, ಆ ಮಾತು ಕೇಳಿದ ಕೂಡಲೇ ನನಗೆ ನೀವು ನೆನಪಾದಿರಿ. ನೀವು ಧಾರವಾಡಕ್ಕೆ ಓದಲು ಹೋಗುತ್ತೇನೆಂದು ಹಟ ಹಿಡಿದಾಗ ನಿಮ್ಮ ತಂದೆ, ನಮ್ಮ ದಾದಾ, ಎಷ್ಟೋ ದಿನ ನಿಮ್ಮ ಕೈಯಿಂದ ನೀರು ಕೂಡ ತೆಗೆದುಕೊಳ್ಳಲಿಲ್ಲವಂತೆ. ಆದರೂ ಹೋದಿರಿ, ಕನ್ನಡ ಎಂ.ಎ. ಮಾಡಿ ಬಂದಿರಿ. ಆಗ ನಾನು ಹುಟ್ಟೇ ಇರಲಿಲ್ಲ. ನೀವು ನನಗೋಸ್ಕರ ಆಡಿದ ಆಟವಲ್ಲ ಅದು. ಇಪ್ಪತ್ತೈದು ಮೂವತ್ತು ವರ್ಷಗಳಾದ ಮೇಲೆ ನಾನು ಕನ್ನಡ ಎಂ.ಎ. ಎಂದಾಗ ಮನೆಯಲ್ಲಿ ಒಬ್ಬರೂ ಮಾತೆತ್ತಲಿಲ್ಲ. ಅಮ್ಮಿ “ಫುಪ್ಪು ಆದ್ಳು, ಈಗ ಈಕಿ,” ಎಂದಷ್ಟೇ ಹೇಳಿ ರೊಟ್ಟಿ ಬಡಿಯುತ್ತಿದ್ದರು. ಕಾಲೇಜಿನಲ್ಲೂ ನಾನು ಮೊದಲ ದಿನದಿಂದಲೇ ಫಖರುನ್ನಿಸಾ ಟೀಚರ ಅಣ್ಣನ ಮಗಳು. ನನ್ನನ್ನು ಯಾರೂ ವಿಚಿತ್ರವಾಗಿ ನೋಡಲಿಲ್ಲ. ನಾನು ಜಗಳವಾಡಲಾರದವಳು. ಆ ದಿನ ಯಾರಾದರೂ ಬೇಡ ಎಂದಿದ್ದರೆ ‘ಹೂಂ’ ಎಂದು ಒಳಗೆ ಹೋಗಿಬಿಡುತ್ತಿದ್ದೆ. ನಾನು ಒಂದೂ ಗೋಲು ಹೊಡೆಯದೆ ಗೆದ್ದವಳು. ಇದಕ್ಕೆ ನಿಮಗೆ ಕೃತಜ್ಞತೆ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ, ಯಾಕೆಂದರೆ ನಿಮಗೂ ಹೊಳೆದಿಲ್ಲ. ಕೇಕು ಮಾಡಲು ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಸದ್ಯಕ್ಕೆ ಈ ಪತ್ರ.

ಕಾಯಿಲೆ ಬಿದ್ದ ನಿಮ್ಮ ತಾಯಿ, ನಮ್ಮ ದಾದಿಯವರ ಹಾಸಿಗೆಯ ಪಕ್ಕದಲ್ಲಿ ನಿಮ್ಮ ಹರೆಯವೆಲ್ಲ ಕಳೆಯಿತು. ಬಂದ ಸಂಬಂಧಗಳು ಬಾಗಿಲಲ್ಲೇ ನಿಂತು ಹೋದವು. ಅದಕ್ಕೆ ನೀವು ಯಾರನ್ನೂ ದೂರಲಿಲ್ಲ. ಈಗ ಯುಸ್ರಾಳ ಹೆಸರು ಹೇಳಿ ಇದನ್ನೂ ಬಿಟ್ಟುಕೊಡಬೇಡಿ. ನೀವು ಅವಳಿಗಾಗಿ ಸೋತರೆ ಅವಳಿಗೆ ಸಿಗುವುದೇನು? ನಗುವ ಮಂದಿಗೆ ಹೆದರಬೇಕೆಂಬ ಪಾಠ ಒಂದೇ. ನಿಮ್ಮ ನಿಖಾ ನೋಡಿ ವಾಪಸು ಹೋಗುವ ಗಂಡು ವಾಪಸು ಹೋಗುವುದೇ ಒಳ್ಳೆಯದು. ಇದು ನನ್ನ ಮಾತಲ್ಲ, ಯುಸ್ರಾಳದು. ನಿಮ್ಮ ಮುಂದೆ ಹೇಳಲು ಅವಳಿಗೆ ಸಂಕೋಚ. ಈ ವಿಷಯದಲ್ಲಿ ಅವಳು ನನ್ನ ತಂಗಿಯೇ.

ನಿನ್ನೆ ಸಂಜೆ ನಾನು ಅಬ್ಬಾರಿಗೆ ಫೋನ್ ಮಾಡಿದೆ. ಹುಬ್ಬಳ್ಳಿಯಲ್ಲಿ ಆಗ ಬೆಳಗಿನ ಹೊತ್ತು, ಪೇಪರ್ ಇನ್ನೂ ಬಂದಿಲ್ಲವೆಂದು ಸಿಟ್ಟಿನಲ್ಲಿದ್ದರು. ನಿಮ್ಮ ಮಾತು ಎತ್ತಲಿಲ್ಲ. ಬೆಟಗೇರಿಯ ಮೈದಾನದಲ್ಲಿ ಹಾಕಿ ಆಡಿ ಬೆಳೆದವರಲ್ಲವೇ, ಸುಮ್ಮನೆ ಈ ಆಟದ ಕಥೆ ಹೇಳಿದೆ. “ಬರ್ಫದ ಮ್ಯಾಲೆ ಆಡೂದು ಎಂಥಾ ಹಾಕಿ? ಬಿದ್ರ ಬರ್ಫಕ್ಕ ಬೈದು ಪಾರಾಗಬಹುದು. ನಮ್ಮಲ್ಲಿ ಬಿದ್ರ ನಮ್ದ ತಪ್ಪು,” ಎಂದು ಮೊದಲು ಗೇಲಿ ಮಾಡಿದರು. ಆಮೇಲೆ ಅಂಕಗಳ ಲೆಕ್ಕಕ್ಕೆ ಇಳಿದುಬಿಟ್ಟರು. ಯಾರು ಯಾರನ್ನು ಸೋಲಿಸಿದರು, ಎಷ್ಟಕ್ಕೆ, ಎಲ್ಲ ಕೇಳಿದರು. ಕೊನೆಗೆ ಆಸ್ಟ್ರಿಯಾದವರಿಗೆ ಏನು ಸಿಕ್ಕಿತೆಂದರು. ಮೂರನೆಯ ಸ್ಥಾನ ಎಂದೆ. “ಹಂಗಾರ ತಮ್ಮ ಆಟ ತಾವ್ ಆಡ್ಯಾರ, ಯಾರ ಸಲುವಾಗಿನೂ ಅಲ್ಲ. ಹಂಗ ಆಡಬೇಕು,” ಎಂದರು, ಥೇಟು ಹಳೆಯ ಆಟಗಾರರ ದನಿಯಲ್ಲಿ. ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. “ಅಬ್ಬಾ, ಫುಪ್ಪುನೂ ಹಂಗ ಆಡ್ಲಿ,” ಎಂದುಬಿಟ್ಟೆ. ಅಬ್ಬಾ “ಪೇಪರ್ ಬಂತು,” ಎಂದು ಫೋನ್ ಇಟ್ಟರು. ಮತ್ತೆ ಸುದ್ದಿಯಿಲ್ಲ. ಸಿಟ್ಟಾಗಿದ್ದರೆ ನನ್ನ ಮೇಲೆ ಆಗಲಿ. ನಾನು ದೂರದಲ್ಲಿದ್ದೇನೆ, ತಡೆದುಕೊಳ್ಳಬಲ್ಲೆ.

ಅಬ್ಬಾ ಏನೇ ಅನ್ನಲಿ, ಮಾಸ್ತರರಿಗೆ ಇಲ್ಲ ಎನ್ನಬೇಡಿ. ಅಲ್ಲಾಹನು ನಿಮ್ಮ ಮೊಣಕಾಲಿಗೂ ಮನಸ್ಸಿಗೂ ಬಲ ಕೊಡಲಿ. ಯಾರ್ಮಿಲಾ ಅಜ್ಜಿ ನಿಮ್ಮನ್ನು ಕೇಳಿದ್ದಾರೆ. ಕಸೂತಿಯಂಥ ಅಕ್ಷರ ಕಲಿಸಿದ ಟೀಚರು ನೀವೇ ಎಂದು ಹೇಳಿದ್ದೇನೆ. ಹುಜೈಫಾರ ಸಲಾಮು. ಕಾಶವ್ವ ಸಿಕ್ಕರೆ ನನ್ನ ಶರಣು ತಿಳಿಸಿ.

ನಿಮ್ಮ ಕೈಯಲ್ಲಿ ಅಕ್ಷರ ಕಲಿತ,
ಆಫ್ರೀನ್

ತಾ.ಕ.: ಸಂಜೆಯಾಯಿತು, ಪುಟಗಳ ಫೋಟೋ ತೆಗೆಯುತ್ತಿದ್ದಾಗ ಅಬ್ಬಾ ತಾವಾಗಿಯೇ ಫೋನ್ ಮಾಡಿದರು. ಅಲ್ಲಿ ಆಗತಾನೇ ಬೆಳಗಿನ ನಮಾಜು ಮುಗಿದಿತ್ತು. ನಿಮ್ಮ ಹೆಸರು ಎತ್ತಲಿಲ್ಲ, ನಿಖಾದ ಮಾತೂ ಇಲ್ಲ. ಇಲ್ಲಿ ಹವೆ ಹೇಗಿದೆ ಎಂದು ಎರಡು ಸಲ ಕೇಳಿದರು. ಇಡುವ ಹೊತ್ತಿಗೆ, “ಆ ಮಾಸ್ತರಗ ಶುಗರ್ ಐತೇನು? ಐತವಾರ ಚಾಕ್ಕ ಕರೀಬೇಕಂತ, ನಿಮ್ಮ ಅಮ್ಮಿ ಕೇಳಾಕತ್ತಾಳ,” ಎಂದರು. ಹಿಂದಿನಿಂದ ಅಮ್ಮಿಯ ದನಿ ಸ್ಪಷ್ಟವಾಗಿ ಕೇಳಿಸಿತು: “ನಾ ಏನೂ ಕೇಳಿಲ್ಲ.” ನನಗೆ ಗೊತ್ತಿಲ್ಲ, ಫುಪ್ಪುವಿಗೇ ಗೊತ್ತಿರುತ್ತದೆ ಎಂದಿದ್ದೇನೆ. ಅಬ್ಬಾ ಫೋನಿನ ಹತ್ತಿರವೇ ಕುಳಿತಿರುತ್ತಾರೆ. ಚಹಾಕ್ಕೆ ಸಕ್ಕರೆ ಹಾಕಬೇಕೋ ಬೇಡವೋ, ಇವತ್ತೇ ನೀವೇ ನಿಮ್ಮ ಅಣ್ಣನಿಗೆ ಹೇಳಿಬಿಡಿ.