ಬೋಗುಣಿಗೆ ಬೆನ್ನು ಮಾಡಿದವಳು

ವೆಲ್‌ಫರ್ಡ್, ಮ್ಯಾಸಚೂಸೆಟ್ಸ್ ಕೊಲ್ಲಿ
ಎಂಟನೆಯ ತಿಂಗಳ ಹದಿಮೂರನೆಯ ದಿನ, 1651

ನನ್ನ ಹೋಪ್‌ಸ್ಟಿಲ್‌ಗೆ ಅಮ್ಮನ ಆಶೀರ್ವಾದ.

ನಿನ್ನ ಮೈ ಹೇಗಿದೆ ಎಂದು ಆಮೇಲೆ ಕೇಳುತ್ತೇನೆ. ಮೊದಲು ಇದನ್ನು ಓದು: ನೀನು ಬರಬೇಡ. ಇಪ್ಪತ್ತನೆಯ ತಾರೀಖು ಹೊಳೆ ದಾಟಿ ಬರುತ್ತೇನೆ, ಚೊಚ್ಚಲ ಹೆರಿಗೆ ಸೂಲಗಿತ್ತಿ ಅಮ್ಮನ ಕೈಯಲ್ಲೇ ಆಗಬೇಕು ಎಂದು ಬರೆದಿದ್ದೆಯಲ್ಲ, ಆ ಹೊಳೆಯ ದಡದಲ್ಲಿ ಮೂರು ದಿನದಿಂದ ಕಾನ್‌ಸ್ಟೇಬಲ್ ಕೂತಿದ್ದಾನೆ. ಗಡೀಪಾರಾದವಳು ಮರಳಿ ಕಾಲಿಟ್ಟರೆ ಚಾಟಿ ಏಟು. ಬಸುರಿಯೆಂದು ಬಿಟ್ಟಾರು ಎಂದುಕೊಳ್ಳಬೇಡ. ಹೆರುವ ತನಕ ಸೆರೆಯಲ್ಲಿಟ್ಟು ಆಮೇಲೆ ಹೊಡೆಯುತ್ತಾರೆ.

ಅವರಿಗೆ ಯಾರು ಹೇಳಿದರು ಎಂದು ಕೇಳುತ್ತೀಯ. ನಿನ್ನ ಕಾಗದ ತಂದ ದೋಣಿಯವನು ಬಾಯಿ ಬಿಟ್ಟ ಎಂದು ಮೊದಲು ನಾನು ಬರೆದಿದ್ದೆ. ಆ ಹಾಳೆಯನ್ನು ಒಲೆಗೆ ಹಾಕಿದೆ. ಹೇಳಿದವಳು ನಾನೇ.

ಕಳೆದ ವಾರದ ನಡುವೆ, ಪಾದ್ರಿಯ ಉಪನ್ಯಾಸದ ದಿನ, ಸಭೆಯ ಮುಂದೆ ನನ್ನನ್ನು ನಿಲ್ಲಿಸಿದರು. ಹಿರಿಯ ಅಮರ್ಯ ಮೆತ್ತಗೆ ಕೇಳಿದರು: "ಡಾರ್ಕಸಮ್ಮ, ಮಗಳ ಕಡೆಯಿಂದ ಏನಾದ್ರೂ ಸುದ್ದಿ ಬಂತಾ?" ನಮ್ಮ ಪದ್ಧತಿ ನಿನಗೆ ಗೊತ್ತಲ್ಲ. ಸಭೆಯ ಎದುರು ಮಾತು ನುಂಗಿಕೊಂಡರೂ ಅದು ದೇವರ ಎದುರು ಸುಳ್ಳು ಹೇಳಿದ ಹಾಗೆ. ಅರವತ್ತು ವರ್ಷ ಸುಳ್ಳಾಡದ ನಾಲಿಗೆ, ತಾರೀಖು, ಹೊಳೆ, ಎಲ್ಲವನ್ನೂ ಒಪ್ಪಿಸಿಬಿಟ್ಟಿತು. ಅಮರ್ಯರ ಕಣ್ಣಲ್ಲಿ ನೀರು ಬಂತು. "ನಿಮ್ಮಂಥ ತಾಯಿ ಇದ್ರೆ ಸಭೆ ಉಳೀತದೆ" ಅಂದರು. ಇದನ್ನೂ ಮುಚ್ಚಿಡುವುದಿಲ್ಲ: ಆ ಕ್ಷಣಕ್ಕೆ ನನಗೆ ಹೆಮ್ಮೆಯಾಯಿತು. ಮನೆಗೆ ಬಂದು, ನಿನ್ನ ಕೂಸಿಗೆಂದು ಹೆಣೆಯುತ್ತಿದ್ದ ಟೊಪ್ಪಿಗೆ ಕೈಗೆತ್ತಿಕೊಂಡಾಗ ಏನು ಮಾಡಿದೆನೆಂಬುದು ಹೊಳೆಯಿತು.

ನೀನು ಹುಟ್ಟಿದಾಗಿನ ಕಥೆ ನಿನಗೆ ಪೂರ್ತಿ ಹೇಳಿಲ್ಲ. ಸಫೋಕ್‌ನ ನಮ್ಮ ಹಳೆಯ ಚರ್ಚಿನಲ್ಲಿ ನಿನಗೆ ದೀಕ್ಷಾಸ್ನಾನ. ಬಿಳಿ ನಿಲುವಂಗಿಯ ಪಾದ್ರಿ ನೀರು ಚಿಮುಕಿಸಿ, ಹಣೆಯ ಮೇಲೆ ಶಿಲುಬೆಯ ಗೆರೆ ಎಳೆಯಲು ಬೆರಳು ಚಾಚಿದ. ಸತ್ಯವೇದದಲ್ಲಿಲ್ಲದ ಗೆರೆ ನನ್ನ ಮಗಳಿಗೆ ಬೇಡ ಎಂದು ನಿನ್ನ ಹಣೆಗೆ ಅಂಗೈ ಅಡ್ಡ ಹಿಡಿದೆ. "ಕೈ ತೆಗೀ ತಾಯೀ" ಅಂದ. "ತೆಗೆಯೋಲ್ಲ, ಬೇಕಾದ್ರೆ ನನ್ನ ಕೈಗೇ ಎಳ್ಕೊಳ್ಳಿ" ಅಂದೆ. ಬಿಷಪ್ಪನ ನ್ಯಾಯಾಲಯ ನಿನ್ನಪ್ಪನನ್ನು ನಾಲ್ಕು ತಿಂಗಳು ಸೆರೆಗೆ ಹಾಕಿತು. ಆ ದಿನ ಚರ್ಚಿನಲ್ಲಿ ನನ್ನ ಪಕ್ಕ ಬಂದು ನಿಂತು ಶಹಬ್ಬಾಸ್ ಎಂದವರು ಇದೇ ಅಮರ್ಯ. ಆಗ ಅವರ ಗಡ್ಡ ಕಪ್ಪಗಿತ್ತು.

ಆಗ ನಮ್ಮ ಮನೆಯವರೆಲ್ಲ ಒಂದೇ ಒಲೆಯ ಮುಂದೆ ಒಂದೇ ವೇದ ಓದುತ್ತಿದ್ದೆವು. ಊರವರು ನಮ್ಮನ್ನು ಮಡಿಮಂದಿ ಎಂದು ಅಣಕಿಸುತ್ತಿದ್ದರು. ಈಗ ನೋಡು. ನಿನ್ನ ದೊಡ್ಡಪ್ಪ ಲಂಡನ್ನಿನಲ್ಲಿ, ಇಡೀ ದೇಶದ ಸಭೆಗಳನ್ನು ಹಿರಿಯರ ಒಂದೇ ಮಂಡಲಿ ಆಳಬೇಕು ಅನ್ನುತ್ತಾನೆ. ಸೈನ್ಯ ಸೇರಿದ ಚಿಕ್ಕಪ್ಪ, ಒಂದೊಂದು ಸಭೆಗೂ ಅದರದೇ ಯಜಮಾನಿಕೆ ಅನ್ನುತ್ತಾನೆ. ನಿನ್ನ ಅತ್ತೆ ಹಳೆಯ ಚರ್ಚನ್ನು ಬಿಡದೆ ಒಳಗಿದ್ದುಕೊಂಡೇ ಗುಡಿಸುತ್ತೇನೆ ಎಂದು ಹಟ ಹಿಡಿದಳು. ಎಲ್ಲರೂ ನನಗೆ ಕಾಗದ ಬರೆಯುತ್ತಾರೆ, ಎಲ್ಲರೂ ಉಳಿದವರಿಗಾಗಿ ಅಳುತ್ತಾರೆ. ನಿನ್ನಪ್ಪ ತೀರಿಕೊಂಡ ಮೇಲೆ ನೀನೂ ನಾನೂ ಕಡಲು ದಾಟಿ ಇಲ್ಲಿಗೆ ಬಂದೆವು, ಇಲ್ಲಿ ಯಾರೂ ಯಾರನ್ನೂ ಸೆರೆಗೆ ಹಾಕುವುದಿಲ್ಲ ಎಂದುಕೊಂಡು.

ಆಮೇಲೆ ನೀನು. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಮಗುವನ್ನು ದೀಕ್ಷಾಸ್ನಾನದ ಬೋಗುಣಿಯ ಹತ್ತಿರ ತಂದಾಗ ಎದ್ದು ನಿಂತು ಬೆನ್ನು ಮಾಡಿದೆ. ನಂಬಿಕೆ ಏನೆಂದು ತಿಳಿಯದ ಕೂಸಿಗೆ ನೀರು ಹಾಕುವುದು ವೇದದಲ್ಲಿಲ್ಲ ಅಂದೆ. ನಾನು ನಿನ್ನ ತೋಳು ಹಿಡಿದು ಜಗ್ಗಿದೆ. "ಕೂತ್ಕೋ, ಮಾನ ಕಳೀಬೇಡ" ಅಂದೆ. ಅದಕ್ಕಾಗಿ ನಿನ್ನನ್ನು ಗಡಿಯಾಚೆ ಕಳಿಸಿದ ದಿನ ನಾನು ಬಾಗಿಲಿಗೂ ಬರಲಿಲ್ಲ.

ನಿನ್ನ ಮತ ತಪ್ಪೆಂದೇ ಇಂದಿಗೂ ನನ್ನ ನಂಬಿಕೆ. ಕೂಸಿಗೂ ದೇವರ ಒಡಂಬಡಿಕೆಯಲ್ಲಿ ಪಾಲಿದೆ. ಅದಿರಲಿ, ಹೆರಿಗೆಯ ಮಾತು ಬೇರೆ. ಪ್ರಾವಿಡೆನ್ಸ್‌ನ ನಿನ್ನ ಮನೆಗೆ ಹೋಗಿಬರಲು ಅಪ್ಪಣೆ ಕೊಡಿ ಎಂದು ಮೊನ್ನೆ ಹಿರಿಯರನ್ನು ಕೇಳಿದೆ. ಕೊಡಲಿಲ್ಲ. "ಹೊರಗೆ ಹಾಕಿದವಳ ಮನೇಲಿ ಒಳಗಿನವರು ಉಣ್ಣೋ ಹಾಗಿಲ್ಲ" ಅಂದರು. ನಾನು ಉಣ್ಣುವುದಿಲ್ಲ, ಬರೀ ಹೆರಿಗೆ ಮಾಡಿಸಿ ಬರುತ್ತೇನೆ ಅಂದೆ. ಯಾರೂ ನಗಲಿಲ್ಲ.

ಕಾಲು ಊದಿದ್ದರೆ ಎತ್ತರಕ್ಕೆ ಇಟ್ಟುಕೊಂಡು ಮಲಗು. ಉಪ್ಪುಮೀನು ಬಿಡು. ಭಾರ ಎತ್ತಬೇಡ. ಗಂಡನಿಗೆ ಹೇಳಿ ಹಳೆಯ ನಾರುಬಟ್ಟೆಗಳನ್ನು ಕುದಿಸಿ ಒಣಗಿಸಿ ಇಡಿಸು. ಮುಖ್ಯವಾಗಿ, ಮನೆ ಬಿಟ್ಟು ಹೊರಡಬೇಡ.

ನಿನ್ನನ್ನು ಹೆತ್ತವಳು, ನಿನ್ನನ್ನು ಹಿಡಿದುಕೊಟ್ಟವಳು,
ಡಾರ್ಕಸ್

ಮರೆತದ್ದು: ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ. ನಿನ್ನೆ ಕರ್ತನ ದಿನ ಅಮರ್ಯರ ಮೊಮ್ಮಗಳನ್ನು ಬೋಗುಣಿಯ ಹತ್ತಿರ ತಂದರು. ಒಂಬತ್ತು ದಿನದ ಹಿಂದೆ ನಾನೇ ಹೆರಿಗೆ ಮಾಡಿಸಿ ಎತ್ತಿಕೊಂಡ ಕೂಸು. ಪಾದ್ರಿ ನೀರಿಗೆ ಕೈ ಅದ್ದಿದಾಗ ನಾನು ಎದ್ದು ನಿಂತು ಬೆನ್ನು ಮಾಡಿದೆ. ಅಮರ್ಯ ನನ್ನ ತೋಳು ಹಿಡಿದು ಜಗ್ಗಿದರು, ಕೂರಲಿಲ್ಲ. ನಿನ್ನ ದಾರಿಗೆ ಬಂದೆನೆಂದು ಹಿಗ್ಗಬೇಡ. ಆ ನೀರು ಸರಿಯೆಂದೇ ನನ್ನ ಮನಸ್ಸು ಹೇಳುತ್ತಿತ್ತು. ಇದು ನನ್ನ ಜನ್ಮದ ಮೊದಲ ಸುಳ್ಳು, ಅದನ್ನೂ ಬಾಯಿಂದ ಆಡಲಾಗದೆ ಬೆನ್ನಿನಿಂದ ಆಡಿದೆ. ನಾಳಿದ್ದು ನ್ಯಾಯಾಲಯ. ನಿನಗೆ ಆದ ಗಡೀಪಾರೇ ನನಗೂ ಆಗುತ್ತದೆ. ಹೊಳೆಯ ದಡದಲ್ಲಿ ನಿನಗಾಗಿ ಕಾದಿರುವ ಕಾನ್‌ಸ್ಟೇಬಲ್ಲೇ ನನ್ನನ್ನು ಆಚೆ ದಡಕ್ಕೆ ದಾಟಿಸಿ ಹೋಗುತ್ತಾನೆ. ಟೊಪ್ಪಿಗೆ ಮುಗಿದಿದೆ, ತರುತ್ತೇನೆ.